ಬಜ್ಪೆಯ ಗುಡ್ಡದ ಮೇಲೆ

ಕ್ಯಾಸಂಬಳ್ಳಿಯಿಂದ ಮಂಗಳೂರಿಗೆ ಹೋಗಬೇಕಾದವರು ಬಂಗಾರಪೇಟೆಯಲ್ಲಿ ರೈಲು ಹಿಡಿದು ಬೆಂಗಳೂರಿಗೆ ಬಂದು, ಅಲ್ಲಿಂದ ರಾತ್ರಿಯ ಬಸ್ಸನ್ನೋ ರೈಲನ್ನೋ ಏರಿ, ಮರುದಿನ ಬೆಳಗ್ಗೆ ಕರಾವಳಿಯನ್ನು ಮುಟ್ಟುವುದು ವಾಡಿಕೆ. ಹಣವಂತರ ಮಾತು ಬೇರೆ. ನಮ್ಮ ಧರ್ಮಕೇಂದ್ರದ ಕುಟುಂಬಗಳಿಗೆ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಒಂದು ಸದ್ದು ಅಷ್ಟೆ. 2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಆ ವಾಡಿಕೆ ಮುರಿಯಿತು. ಎಪ್ಪತ್ತಾರು ವರ್ಷದ ಒಬ್ಬ ವೃದ್ಧ ತಾಯಿಯೊಡನೆ ನಾನು ವಿಮಾನ ಏರಬೇಕಾಯಿತು. ಅವರಿಗೆ ಅದು ಮೊದಲ ಪ್ರಯಾಣ. ನನಗೆ ಮೊದಲನೆಯದಲ್ಲ. ಆದರೂ ವಿಮಾನ ಪ್ರಯಾಣದ ಬಗ್ಗೆ ಅವರಿಗೆ ನಾನು ಕಲಿಸಿದ್ದಕ್ಕಿಂತ ನಾನು ಅವರಿಂದ ಕಲಿತದ್ದೇ ಹೆಚ್ಚೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ಆ ತಾಯಿಯ ಯಜಮಾನರು ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ದುಡಿದವರು. ಎದೆಯಲ್ಲಿ ಕಲ್ಲಿನ ದೂಳು ತುಂಬಿಕೊಂಡು ತೀರಿಹೋದವರು. ಹಿರಿಯ ಮಗ ದಿನವೂ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆಗೆ ಮರಳುವವನು. ಕಿರಿಯ ಮಗಳು ಕನ್ಯಾಮಠ ಸೇರಿ ಮಂಗಳೂರಿನ ಸಮೀಪ ಸೇವೆ ಸಲ್ಲಿಸುತ್ತಿರುವ ಸಿಸ್ಟರ್. ಆ ವರ್ಷದ ಮಳೆಗಾಲದಲ್ಲಿ ಡೆಂಗಿ ಜ್ವರ ರಾಜ್ಯದೆಲ್ಲೆಡೆ ಹರಡಿತ್ತು. ಅದು ಈ ಸಿಸ್ಟರನ್ನೂ ಹಿಡಿಯಿತು. ಭಾನುವಾರ ಸಂಜೆ ಮಠದ ಹಿರಿಯ ಸಿಸ್ಟರ್ ಗುರುನಿವಾಸಕ್ಕೆ ದೂರವಾಣಿ ಮಾಡಿ, "ಫಾದರ್, ಪ್ಲೇಟ್ಲೆಟ್ ಇಳಿಯುತ್ತಲೇ ಇದೆ, ತಾಯಿಯವರನ್ನು ತಡಮಾಡದೆ ಕರೆತಂದರೆ ಒಳ್ಳೆಯದು" ಎಂದರು. ಆ ಮಾತಿನ ಹಿಂದಿದ್ದುದು ನನಗೆ ಅರ್ಥವಾಯಿತು. ತಾಯಿಗೂ ಅರ್ಥವಾಯಿತು.

ಹೋಗುವುದೆಂತು? ಜುಲೈ 26ರಂದು ಸಕಲೇಶಪುರದ ಆಚೆ, ಕಡಗರವಳ್ಳಿ ಮತ್ತು ಎಡಕುಮೇರಿಗಳ ನಡುವೆ ಗುಡ್ಡ ಕುಸಿದು ರೈಲು ಸಂಚಾರ ನಿಂತುಹೋಗಿತ್ತು. ಶಿರಾಡಿ ಘಾಟಿಯ ರಸ್ತೆಯನ್ನು ಆ ದಿನಗಳಲ್ಲಿ ನಂಬುವಂತಿರಲಿಲ್ಲ. ಒಪ್ಪಂದದ ಕೆಲಸದಲ್ಲಿರುವ ಮಗನಿಗೆ ರಜೆ ಸಿಗಲಿಲ್ಲ. ಟಿಕೆಟಿನ ಹಣವನ್ನು ಮಾತ್ರ ಅವನು ಹೇಗೋ ಹೊಂದಿಸಿ ತಂದ. "ಸ್ವಾಮಿ, ನೀವೇ ಕರ್ಕೊಂಡು ಹೋಗಿ" ಎಂದ. ಹೀಗೆ ಸೋಮವಾರದ ನಡುರಾತ್ರಿ ಎರಡು ಗಂಟೆಗೆ ನಾವು ಬಾಡಿಗೆಯ ಕಾರಿನಲ್ಲಿ ಊರು ಬಿಟ್ಟು, ಕೋಲಾರ, ಹೊಸಕೋಟೆ ದಾಟಿ ದೇವನಹಳ್ಳಿಯ ಕಡೆ ತಿರುಗಿದೆವು. ಹಿಂದೆ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದಾಗ ಹಳೆಯ ಮದರಾಸು ರಸ್ತೆಯಿಂದ ಬರುವ ನಮ್ಮವರಿಗೆ ಅದು ಹತ್ತಿರವಾಗಿತ್ತು. 2008ರ ಮೇ ತಿಂಗಳಿನಿಂದ ಎಲ್ಲವೂ ದೇವನಹಳ್ಳಿಗೆ ಹೋಯಿತು.

ಮೊದಲ ಎಡವಟ್ಟು ನನ್ನದೇ. ಟಿಕೆಟ್ ಕಾದಿರಿಸುವಾಗ ನಾನು ಆ ತಾಯಿಯ ಹೆಸರನ್ನು ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆಯಿಂದ ಬರೆದುಕೊಟ್ಟಿದ್ದೆ. ಗುರುವಾದವನಿಗೆ ಅದಕ್ಕಿಂತ ನಂಬಿಕೆಯ ದಾಖಲೆ ಯಾವುದು? ಆದರೆ ಬಾಗಿಲಲ್ಲಿ ನಿಂತ ಪೊಲೀಸ್ ಜವಾನನಿಗೆ ಬೇಕಾದುದು ಆಧಾರ್ ಚೀಟಿ. ಅದರಲ್ಲಿ ಹೆಸರು ಬೇರೆ, ಜೊತೆಗೆ ಗಂಡನ ಹೆಸರಿನ ಮೊದಲಕ್ಷರ. ಊರಿನವರು ಕರೆಯುವುದು ಮೂರನೆಯ ಹೆಸರಿನಿಂದ. ಒಬ್ಬಳೇ ಹೆಂಗಸು, ಹೆಸರು ಮೂರು. ನಮ್ಮ ಗಣಿ ಪ್ರದೇಶದ ಹಿರಿಯರಲ್ಲಿ ಇದು ಅಪರೂಪವೇನಲ್ಲ. ತಮಿಳಿನಲ್ಲಿ ಇಟ್ಟ ಹೆಸರನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ಬರೆದು, ಇನ್ನೊಬ್ಬರು ಅದನ್ನು ಕನ್ನಡಕ್ಕೆ ತಂದು, ಕೊನೆಗೆ ಹೆಸರಿನ ಒಡತಿಗೇ ಗುರುತು ಸಿಗದಂತಾಗಿರುತ್ತದೆ. ಜವಾನನು ಸೌಮ್ಯನೇ. "ಫಾದರ್, ಕಂಪನಿಯವರ ಕೌಂಟರಿನಲ್ಲಿ ತಿದ್ದಿಸಿಕೊಂಡು ಬನ್ನಿ" ಎಂದು ದಾರಿ ತೋರಿಸಿದ. ಅರ್ಧ ಗಂಟೆ ಅಲ್ಲಿ ಕಳೆಯಿತು. ಪಕ್ಕದ ಸಾಲಿನಲ್ಲಿ ತರುಣರು ಕ್ಯಾಮರಾಕ್ಕೆ ಮುಖ ತೋರಿಸಿ ಸರಾಗವಾಗಿ ಒಳಗೆ ಹೋಗುತ್ತಿದ್ದರು. 2022ರ ಡಿಸೆಂಬರಿನಲ್ಲಿ ಅಲ್ಲಿ ಆರಂಭವಾದ 'ಡಿಜಿಯಾತ್ರಾ' ವ್ಯವಸ್ಥೆ ಅದು. ಆ ತಾಯಿ ಅದನ್ನು ನೋಡಿ, "ನಮ್ಮ ಮುಖ ಒಂದೇ ಅಲ್ವಾ ಸ್ವಾಮಿ, ಹೆಸರು ತಾನೇ ಬೇರೆ ಬೇರೆ. ಮುಖ ನೋಡಿ ಬಿಡಬಾರದಾ?" ಎಂದರು. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾಮ ಮತ್ತು ವಸ್ತುವಿನ ಸಂಬಂಧದ ಮೇಲೆ ನಾವು ತಿಂಗಳುಗಟ್ಟಲೆ ಚರ್ಚಿಸಿದ್ದುಂಟು. ಇಷ್ಟು ನೇರವಾದ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮ ಗಣಿಯ ಚರಿತ್ರೆಯಲ್ಲಿ ಇಂಥ ಗುರುತಿನ ಪ್ರಶ್ನೆಗೆ ಒಂದು ದೊಡ್ಡ ಅಧ್ಯಾಯವೇ ಇದೆ. 1930ರಲ್ಲಿ ಕೆಲಸಗಾರರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸಬೇಕೆಂಬ ನಿಯಮ ಬಂದಾಗ ಸಾವಿರಾರು ಮಂದಿ ಮುಷ್ಕರ ಹೂಡಿದರು. ಬೆರಳಚ್ಚು ಕೊಡುವವರು ಕಳ್ಳರು, ನಾವೇಕೆ ಕೊಡಬೇಕು ಎಂಬುದು ಅವರ ಭಾವನೆಯಾಗಿತ್ತು. ಇಂದು ಅವರ ಮೊಮ್ಮಕ್ಕಳು ಬೆರಳನ್ನೂ ಕಣ್ಣನ್ನೂ ಕೊಟ್ಟು ಆಧಾರ್ ಪಡೆದಿದ್ದಾರೆ. ಯಾರಿಗೂ ಅದು ಅವಮಾನವೆನಿಸಿಲ್ಲ. ಕಾಲ ಬದಲಾಯಿತೋ, ನಾವು ಬದಲಾದೆವೋ, ತೀರ್ಮಾನವನ್ನು ವಾಚಕರಿಗೇ ಬಿಡುತ್ತೇನೆ.

ಎರಡನೆಯ ಅಡ್ಡಿ ತಪಾಸಣೆಯಲ್ಲಿ. ಆ ತಾಯಿಯ ಎಲೆ ಅಡಿಕೆಯ ಚೀಲದಲ್ಲಿ ನಲವತ್ತು ವರ್ಷ ಹಳೆಯ ಒಂದು ಅಡಕತ್ತರಿ ಇತ್ತು. ಯಂತ್ರ ಅದನ್ನು ಕಂಡುಹಿಡಿಯಿತು. ದೊಡ್ಡ ಚೀಲವನ್ನು ಆಗಲೇ ವಿಮಾನಕ್ಕೆ ಕಳುಹಿಸಿಯಾಗಿತ್ತು, ಕಾರಿನವನು ಹೊರಟುಹೋಗಿದ್ದ. ಅಡಕತ್ತರಿಯನ್ನು ಬಿಟ್ಟು ಹೋಗುವುದೊಂದೇ ದಾರಿ. ಹೊರಡುವ ಮುನ್ನ ಚೀಲ ನೋಡಬೇಕೆಂದು ನನಗೆ ಹೊಳೆಯದೆ ಹೋದುದಕ್ಕೆ ಇಂದಿಗೂ ನಾಚಿಕೆಯಿದೆ. ಅವರು ಒಂದು ಮಾತನ್ನೂ ಆಡದೆ ಅದನ್ನು ತಟ್ಟೆಯಲ್ಲಿಟ್ಟರು. ಅನಂತರ ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯ ಮುಂದೆ ಎರಡೂ ಕೈಗಳನ್ನು ಅಗಲಿಸಿ ನಿಂತು ತಪಾಸಣೆ ಮುಗಿಸಿಕೊಂಡು ಬಂದರು. ಹಾಗೆ ನಿಲ್ಲಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲವಂತೆ. ಅದೇಕೆಂದು ನನಗೆ ತಿಳಿದುದು ಹಿಂದಿರುಗುವಾಗ.

ವಿಮಾನ ಮೇಲೇರಿತು. ಕೆಳಗೆ ದೀಪಗಳು ಕಿರಿದಾದವು, ಮೋಡ ಮುಚ್ಚಿತು. "ಎಷ್ಟು ಮೇಲೆ ಬಂದಿದೀವಿ ಸ್ವಾಮಿ? ನಮ್ಮ ಯಜಮಾನರು ಇಳಿಯುತ್ತಿದ್ದಷ್ಟು ಆಗಿದೆಯಾ?" ಎಂದು ಅವರು ಕೇಳಿದರು. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್, ಅಂದರೆ ಹತ್ತು ಸಾವಿರ ಅಡಿಗೂ ಮೀರಿದ್ದು. ಅಷ್ಟನ್ನು ನಾವು ಆಗಲೇ ದಾಟಿರಬಹುದೆಂದೆ. ಅವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ಅಷ್ಟು ದೂರವನ್ನು ಅವರು ಅಳೆಯಬಲ್ಲವರಾಗಿದ್ದದ್ದು ಆ ಒಂದೇ ಅಳತೆಗೋಲಿನಿಂದ.

ಮಂಗಳೂರಿನ ವಿಮಾನ ನಿಲ್ದಾಣದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅದನ್ನು ಕಟ್ಟಿರುವುದು ಬಯಲಿನಲ್ಲಲ್ಲ, ಗುಡ್ಡದ ತಲೆಯ ಮೇಲೆ. ಮೇಜಿನ ಹಲಗೆಯಂತೆ ಸಮಮಾಡಿದ ಜಾಗ. ಓಡುದಾರಿಯ ತುದಿ ಮುಗಿದೊಡನೆ ಕಣಿವೆ. 1951ರ ಡಿಸೆಂಬರ್ 25ರಂದು, ಕ್ರಿಸ್ತ ಜಯಂತಿಯ ದಿನವೇ, ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಆರಂಭಿಸಿದರು. ಬಹುಕಾಲ ಅಲ್ಲಿದ್ದುದು 1,600 ಮೀಟರಿನಷ್ಟರ ಒಂದೇ ಓಡುದಾರಿ. 1981ರ ಆಗಸ್ಟಿನಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಆ ಓಡುದಾರಿಯನ್ನು ಮೀರಿ ಅಂಚಿನಾಚೆ ಹೋಗಿ ನಿಂತಿತ್ತು, ಒಳಗಿದ್ದವರೆಲ್ಲ ಬದುಕಿದರು. 2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ಓಡುದಾರಿ ಸಿದ್ಧವಾಯಿತು. ಕೊಲ್ಲಿ ರಾಷ್ಟ್ರಗಳಿಗೆ ಇಲ್ಲಿಂದಲೇ ನೇರವಾಗಿ ಹೋಗಿಬರುವುದು ಸಾಧ್ಯವಾದದ್ದು ಆ ವರ್ಷದಿಂದ. ಅದಕ್ಕೆ ಮೊದಲು ಕರಾವಳಿಯ ಎಷ್ಟೋ ಕುಟುಂಬಗಳು ಮುಂಬಯಿಯ ಮೂಲಕ ಸುತ್ತಿ ಬಳಸಿ ಹೋಗಬೇಕಾಗಿತ್ತು.

ನಾವು ಆ ಗುಡ್ಡವನ್ನು ಸಮೀಪಿಸಿದಾಗ ಬೆಳಕು ಹರಿದಿತ್ತು. ಮಳೆ ಮಾತ್ರ ಬಿಟ್ಟಿರಲಿಲ್ಲ. ವಿಮಾನ ಇಳಿಯತೊಡಗಿ ತೆಂಗಿನ ತೋಟ, ಕೆಂಪು ಹೆಂಚಿನ ಮನೆ, ಕೆಸರು ನೀರಿನ ಹೊಳೆ ಕ್ಷಣಕಾಲ ಕಂಡು ಮರೆಯಾದವು. ಇನ್ನೇನು ನೆಲ ಮುಟ್ಟಿತೆನ್ನುವಾಗ ಯಂತ್ರಗಳು ಒಮ್ಮೆಲೇ ಆರ್ಭಟಿಸಿದವು. ವಿಮಾನ ಮೂತಿಯೆತ್ತಿ ಮೋಡದೊಳಗೆ ಮರಳಿ ನುಗ್ಗಿತು. ಯಾರೋ ಕಿರುಚಿದರು. ನನ್ನ ಕೈ ತಾನಾಗಿ ಜಪಸರವನ್ನು ಹುಡುಕಿತು. ಒಂದೆರಡು ನಿಮಿಷದ ಬಳಿಕ ಚಾಲಕರ ಧ್ವನಿ ಕೇಳಿಸಿತು: ಓಡುದಾರಿ ಸರಿಯಾಗಿ ಕಾಣಲಿಲ್ಲ, ಒಂದು ಸುತ್ತು ಬಂದು ಮತ್ತೆ ಪ್ರಯತ್ನಿಸುತ್ತೇವೆ, ಆಗದಿದ್ದರೆ ಬೆಂಗಳೂರಿಗೆ ಹಿಂದಿರುಗುತ್ತೇವೆ. ಹಿಂದಿರುಗುವುದು! ಮಗಳು ಹಾಸಿಗೆಯಲ್ಲಿ, ತಾಯಿ ಆಕಾಶದಲ್ಲಿ. ಚಾಲಕರು ಸ್ವಲ್ಪ ಧೈರ್ಯ ಮಾಡಬಾರದಿತ್ತೇ ಎಂಬ ಯೋಚನೆ ನನಗೆ ಬಂದದ್ದು ನಿಜ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಎಂಥ ಅವಿವೇಕದ ಯೋಚನೆ ಅದೆಂದು ಆ ಗುಡ್ಡದ ಚರಿತ್ರೆಯನ್ನು ಬಲ್ಲ ಯಾರಾದರೂ ಹೇಳಿಯಾರು. 2010ರ ಮೇ 22ರ ಬೆಳಗ್ಗೆ ಆರರ ಸುಮಾರಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇದೇ ಉದ್ದನೆಯ ಓಡುದಾರಿಯಲ್ಲಿ ಇಳಿಯಿತು. ಇಳಿಯಬೇಕಾದ ಜಾಗವನ್ನು ಬಹಳ ಮೀರಿ, ಅಂದರೆ ಸುಮಾರು 1,600 ಮೀಟರ್ ಕಳೆದ ಮೇಲೆ, ಅದು ನೆಲ ಮುಟ್ಟಿತು. ಉಳಿದಿದ್ದ ದೂರ ಸಾಲಲಿಲ್ಲ. ವಿಮಾನ ಅಂಚು ದಾಟಿ ಕಣಿವೆಗೆ ಬಿದ್ದು ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕಿದವರು ಎಂಟೇ ಮಂದಿ. ಇಳಿಯುವ ರೀತಿ ಸರಿಯಿಲ್ಲವೆಂದು ತಿಳಿದೂ ಮುಖ್ಯ ಚಾಲಕರು ಮೇಲೇರದೆ ಮುಂದುವರಿದದ್ದೇ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಮತ್ತೆ ಮೇಲೇರುವಂತೆ ಸಹಚಾಲಕರು ಎಚ್ಚರಿಸಿದ್ದರು. ಆ ವಾರವಷ್ಟೇ, ಮೇ 15ರಂದು, ಗುಡ್ಡದ ಕೆಂಜಾರು ಭಾಗದಲ್ಲಿ ಹೊಸ ನಿಲ್ದಾಣದ ಕಟ್ಟಡ ಉದ್ಘಾಟನೆಯಾಗಿತ್ತು. ಸತ್ತವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಇದ್ದರು. ರಜೆಗೆ ಬಂದವರು, ಮದುವೆಗೆ ಬಂದವರು, ಮಕ್ಕಳು. ಗುರುತು ಹತ್ತದ 12 ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಮಣ್ಣುಮಾಡಿದರು. ಅಲ್ಲಿಯೂ ಹೆಸರಿನ ಪ್ರಶ್ನೆಯೇ.

ಈ ಸಂಗತಿಗಳನ್ನು ನಾನು ಆ ತಾಯಿಗೆ ಆಕಾಶದಲ್ಲಿ ಹೇಳಲಿಲ್ಲ. ಅವರಿಗೆ ಹೇಳುವ ಅಗತ್ಯವೂ ಇರಲಿಲ್ಲ. ವಿಮಾನ ಮೋಡದಲ್ಲಿ ಅಲುಗಾಡುತ್ತಿದ್ದಾಗ ಅವರು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿದ್ದರು. "ಭಯವಾಗುತ್ತಿದೆಯೇ ಅಮ್ಮ?" ಎಂದೆ.

"ಬಂಡೆ ಸಿಡಿದಾಗ ನಮ್ಮ ಮನೆಯ ಪಾತ್ರೆಗಳೆಲ್ಲ ಹೀಗೇ ಅಲುಗಾಡುತ್ತಿದ್ದವು ಸ್ವಾಮಿ. ಆಗ ಯಾರ ಮನೆಯವರು ಒಳಗಿದ್ದಾರೋ ಎಂದು ಎಲ್ಲ ಹೆಂಗಸರೂ ಗಣಿಯ ಬಾಗಿಲಿಗೆ ಓಡುತ್ತಿದ್ದೆವು. ಕೇಜು ಮೇಲೆ ಬರುವ ತನಕ ನಿಲ್ಲುವುದಷ್ಟೇ ನಮ್ಮ ಕೆಲಸ." ಸ್ವಲ್ಪ ತಡೆದು ಹೇಳಿದರು: "ಕೇಜನ್ನು ಎಳೆಯುವ ಡ್ರೈವರನ್ನು ಒಳಗಿದ್ದವರು ನೋಡುತ್ತಿರಲಿಲ್ಲ. ಗಂಟೆಯ ಸದ್ದು ಮಾತ್ರ. ಗಂಟೆ ಸರಿಯಿಲ್ಲದಿದ್ದರೆ ಅವನು ಎಳೆಯುತ್ತಿರಲಿಲ್ಲ, ಯಾರು ಬೈದರೂ ಎಳೆಯುತ್ತಿರಲಿಲ್ಲವಂತೆ. ಅಂಥವನೇ ಒಳ್ಳೆಯ ಡ್ರೈವರ್ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಇವರೂ ಒಳ್ಳೆಯವರೇ ಇರಬೇಕು."

ಮನುಷ್ಯನನ್ನು ಯಾತ್ರಿಕನೆಂದು ಕರೆದ ಫ್ರೆಂಚ್ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್‌ನ ಗ್ರಂಥವನ್ನು ನಾನು ಗುರುಮಠದಲ್ಲಿ ಓದಿ, ಪರೀಕ್ಷೆಯಲ್ಲಿ ಅಂಕವನ್ನೂ ಗಳಿಸಿದವನು. ಕಾಣದ ಕೈಯೊಂದಕ್ಕೆ ತನ್ನನ್ನು ಒಪ್ಪಿಸಿಕೊಂಡು ಕುಳಿತಿರುವುದೆಂದರೇನೆಂದು ಮಾತ್ರ ಆ ಹೊತ್ತಿನಲ್ಲಿ ನನಗಿಂತ ಆ ತಾಯಿಗೇ ಚೆನ್ನಾಗಿ ತಿಳಿದಿತ್ತು. ನಾನು ಚಾಲಕರಿಂದ ಧೈರ್ಯವನ್ನು ಬಯಸಿದೆ. ಅವರು ಬಯಸಿದ್ದು ಎಚ್ಚರವನ್ನು. ಎರಡನೆಯ ಸುತ್ತಿನಲ್ಲಿ ಮೋಡ ಸ್ವಲ್ಪ ಹರಿಯಿತು. ವಿಮಾನ ನೆಲಕ್ಕೆ ಗಟ್ಟಿಯಾಗಿಯೇ ತಾಗಿ, ದೇಹ ಮುಂದಕ್ಕೆ ಒಲೆಯುವಂತೆ ಬಿಗಿಯಾಗಿ ನಿಂತಿತು. ಇಂಥ ಗುಡ್ಡದಲ್ಲಿ, ಅದೂ ನೆನೆದ ಓಡುದಾರಿಯಲ್ಲಿ, ಹೂವಿನಂತೆ ಮೆಲ್ಲಗೆ ಇಳಿಸಲು ಹೋಗಿ ದೂರವನ್ನು ಕಳೆದುಕೊಳ್ಳಬಾರದು, ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಇಳಿಯುವುದೇ ಲೇಸು. ಗದ್ದರಿಸುವ ಪ್ರಯಾಣಿಕರಿಗೆ ಇದು ತಿಳಿದಿರುವುದಿಲ್ಲ. ನನ್ನ ಹಿಂದಿನ ಸಾಲಿನವರೊಬ್ಬರು "ಇದೆಂಥ ಇಳಿಸುವುದು" ಎಂದು ಗೊಣಗಿದರು.

ಬೆಂಗಳೂರಿನ ನಿಲ್ದಾಣದಲ್ಲಿ ನಡೆದು ನಡೆದು ಕಾಲು ಸೋತಿದ್ದ ನಮಗೆ ಇಲ್ಲಿ ಎಲ್ಲವೂ ಕೈಯಳತೆಯಲ್ಲಿದ್ದಂತೆ ಕಂಡಿತು. ಒಬ್ಬ ತರುಣ ತಾನಾಗಿಯೇ ಗಾಲಿಕುರ್ಚಿ ತಂದು, "ಕೂತುಕೊಳ್ಳಿ ಅಜ್ಜಿ" ಎಂದ. ಟಿಕೆಟ್ ಕಾದಿರಿಸುವಾಗಲೇ ಕೇಳಿಕೊಂಡರೆ ವೃದ್ಧರಿಗೂ ರೋಗಿಗಳಿಗೂ ಈ ಕುರ್ಚಿ ಸಿಗುತ್ತದೆ. ನಾನು ಕೇಳಿರಲಿಲ್ಲ, ಓದುವವರು ಮರೆಯದಿರಲಿ. ಸುತ್ತಲೂ ತುಳು, ಕೊಂಕಣಿ, ಬ್ಯಾರಿ, ಮಲಯಾಳ. ಕನ್ನಡವನ್ನು ಕೇಳಿದರೆ ಎಲ್ಲರೂ ಕನ್ನಡದಲ್ಲೇ ಉತ್ತರಿಸುತ್ತಿದ್ದರು, ಪುಸ್ತಕದಲ್ಲಿರುವಂಥ ಶುದ್ಧ ಕನ್ನಡದಲ್ಲಿ. ನಮ್ಮ ಗಡಿಯ ಕನ್ನಡಕ್ಕೆ ಸ್ವಲ್ಪ ನಾಚಿಕೆಯಾಯಿತು. ಮರವೂರಿನ ಸೇತುವೆ ದಾಟುವಾಗ ಫಲ್ಗುಣಿ ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು.

ಆಸ್ಪತ್ರೆಯ ಐದು ದಿನಗಳನ್ನು ವಿವರಿಸುವುದಿಲ್ಲ. ತಾಯಿಯ ಕೈ ಹಣೆಯ ಮೇಲೆ ಬಿದ್ದಾಗ ಸಿಸ್ಟರ್ ಕಣ್ಣು ತೆರೆದು ಮೊದಲು ಆಡಿದ ಮಾತು, "ಅಮ್ಮ, ನೀನು ಹೇಗೆ ಬಂದೆ?" ಎಂದು. ಬುಧವಾರದ ರಾತ್ರಿ ನಾವಾರೂ ಮಲಗಲಿಲ್ಲ. ಗುರುವಾರ ಪ್ಲೇಟ್ಲೆಟ್ ಏರತೊಡಗಿತು. ಶನಿವಾರ ವೈದ್ಯರು ಅಪಾಯವಿಲ್ಲವೆಂದರು. ಭಾನುವಾರದ ಬಲಿಪೂಜೆಗೆ ನಾನು ಊರಿನಲ್ಲಿರಬೇಕಾಗಿತ್ತು. ರೈಲು ಮಾರ್ಗ ಇನ್ನೂ ತೆರೆದಿರಲಿಲ್ಲ. ಹೀಗಾಗಿ ಮತ್ತೆ ಅದೇ ಗುಡ್ಡವನ್ನು ಹತ್ತಿದೆವು.

ಈ ಬಾರಿ ಸಮಯವಿತ್ತು, ಮನಸ್ಸು ಹಗುರವಾಗಿತ್ತು, ನೋಡಲು ಕಣ್ಣೂ ಇತ್ತು. 2020ರ ಅಕ್ಟೋಬರ್ 31ರಿಂದ ಈ ನಿಲ್ದಾಣದ ಆಡಳಿತ ಅದಾನಿ ಸಂಸ್ಥೆಯ ಕೈಯಲ್ಲಿದೆ. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಬಜ್ಪೆಯೇ. ಬಾಗಿಲ ಹೊರಗೆ ಕೊಲ್ಲಿಗೆ ಹೊರಟ ತರುಣರನ್ನು ಬೀಳ್ಕೊಡಲು ಇಡೀ ಕುಟುಂಬಗಳೇ ಬಂದಿದ್ದವು. ಹಗ್ಗದಿಂದ ಬಿಗಿದ ಪೆಟ್ಟಿಗೆಗಳು. ಅಪ್ಪನ ಕಾಲಿಗೆ ಅಂಟಿಕೊಂಡ ಮಗು. ಕೊಂಕಣಿಯಲ್ಲಿ ಏನೋ ಬುದ್ಧಿ ಹೇಳುತ್ತಿದ್ದ ಅಜ್ಜಿ, ಆಕೆಯ ಹೆಬ್ಬೆರಳು ಮೊಮ್ಮಗನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿತ್ತು. ನಮ್ಮ ತಾಯಿ ನಿಂತು ನೋಡಿದರು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ನಮ್ಮ ಮಕ್ಕಳು ಮಾರಿಕುಪ್ಪಂನ ರೈಲಿನಲ್ಲಿ ದಿನಕ್ಕೊಮ್ಮೆ ಊರು ಬಿಡುತ್ತಾರೆ; ಇವರು ಎರಡು ವರ್ಷಕ್ಕೊಮ್ಮೆ ಬಿಡುತ್ತಾರೆ. ಯಾವುದು ಕಷ್ಟವೋ ನಾನು ಅಳೆಯಲಾರೆ.

ತಪಾಸಣೆ ಮುಗಿಸಿ ಒಳಗಿನ ಕುರ್ಚಿಗಳಲ್ಲಿ ಕುಳಿತಾಗ, ಕೈ ಅಗಲಿಸಿ ನಿಲ್ಲುವುದನ್ನು ಹೇಗೆ ಕಲಿತಿರಿ ಎಂದು ಕೇಳಿದೆ. "ನಮ್ಮ ಯಜಮಾನರು ಮನೆಯಲ್ಲಿ ಮಾಡಿ ತೋರಿಸುತ್ತಿದ್ದರು ಸ್ವಾಮಿ. ಪಾಳಿ ಮುಗಿಸಿ ಮೇಲೆ ಬಂದಾಗ ಚಿನ್ನದ ಚೂರು ಕದ್ದಿದ್ದಾರೋ ಎಂದು ಮೈ ತಡವುತ್ತಿದ್ದರು. ಮೊದಮೊದಲು ಬಂದು ಅಳುತ್ತಿದ್ದರು. ಆಮೇಲೆ ಮಕ್ಕಳನ್ನು ನಗಿಸಲು ಹಾಗೆ ನಿಂತು ತೋರಿಸುತ್ತಿದ್ದರು." ಅನಂತರ ಅಡಕತ್ತರಿಯ ನೆನಪಾಗಿರಬೇಕು: "ಅಲ್ಲಿ ಒಂದು ಚೂರು ಕಲ್ಲನ್ನೂ ಹೊರಗೆ ತರಬಾರದು, ಇಲ್ಲಿ ಒಂದು ಚೂರು ಕಬ್ಬಿಣವನ್ನೂ ಒಳಗೆ ಒಯ್ಯಬಾರದು."

ಇವೆರಡೂ ಒಂದೇ ಅಲ್ಲವೆಂದು ನಾನು ವಾದಿಸಬಹುದಿತ್ತು. ಗಣಿಯಲ್ಲಿ ತಡವಿದ್ದು ಕೆಲಸಗಾರನನ್ನು ಕಳ್ಳನೆಂದು ಶಂಕಿಸಿ, ಒಡೆಯನ ಸೊತ್ತನ್ನು ಕಾಯಲು. ಅಲ್ಲಿ ಅಧಿಕಾರಿಗೊಂದು ನ್ಯಾಯ, ಆಳಿಗೊಂದು ನ್ಯಾಯ. ಇಲ್ಲಿ ತಡವುವುದು ಎಲ್ಲರನ್ನೂ, ಎಲ್ಲರ ಜೀವವನ್ನು ಕಾಯಲು. ನನ್ನ ನಿಲುವಂಗಿಯನ್ನೂ ತಡವಿದರು, ಪಕ್ಕದಲ್ಲಿದ್ದ ಶ್ರೀಮಂತರ ಕೋಟನ್ನೂ ತಡವಿದರು. ಈ ಭೇದವನ್ನು ವಿವರಿಸಿದೆ ಕೂಡ. ಅವರು ಗಮನವಿಟ್ಟು ಕೇಳಿ, "ಹೌದು ಸ್ವಾಮಿ, ಇಲ್ಲಿ ಆ ಹುಡುಗಿ ತಡವಿದ ಮೇಲೆ ಸೆರಗು ಸರಿಮಾಡಿ ಕಳುಹಿಸಿದಳು" ಎಂದರು. ನನ್ನ ವಿವರಣೆಗಿಂತ ಅದು ಚಿಕ್ಕದಾಗಿತ್ತು.

ವಿಮಾನ ಮುಕ್ಕಾಲು ಗಂಟೆ ತಡವಾಗಿ ಬಂತು. ಓಡುದಾರಿಯ ತುದಿಯನ್ನು ದಾಟಿ ಮೇಲೇರುವಾಗ ಕೆಳಗೆ ಕಣಿವೆ ಒಮ್ಮೆಲೇ ಬಾಯ್ದೆರೆಯಿತು. ಹಸಿರು, ಬರೀ ಹಸಿರು. ಆಗ ಆ ತಾಯಿಗೆ 2010ರ ಸಂಗತಿಯನ್ನು ಹೇಳಿದೆ. ಅವರು ಸತ್ತವರ ಸಂಖ್ಯೆಯನ್ನು ಕೇಳಲಿಲ್ಲ. ಹೆಸರು ತಿಳಿಯದ ಆ ಹನ್ನೆರಡು ಮಂದಿಗಾಗಿ ಒಂದು ಜಪಸರ ಮಾಡೋಣವೆಂದರು. ಮೋಡದ ಮೇಲೆ ಅದನ್ನು ಮುಗಿಸಿದೆವು.

ಸಿಸ್ಟರ್ ಆಗಸ್ಟಿನ ಕೊನೆಗೆ ಮಠದ ಕೆಲಸಕ್ಕೆ ಮರಳಿದರು. ಆ ತಾಯಿಗೆ ಮಗ ಬಂಗಾರಪೇಟೆಯ ಸಂತೆಯಿಂದ ಹೊಸ ಅಡಕತ್ತರಿ ತಂದುಕೊಟ್ಟಿದ್ದಾನೆ. ಅದು ಸರಿಯಾಗಿ ಕತ್ತರಿಸುವುದಿಲ್ಲವೆಂದು ಅವರ ದೂರು. ನಾನು ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹಿರಿಯರ ಹೆಸರುಗಳ ಪಕ್ಕದಲ್ಲಿ ಅವರವರ ಆಧಾರ್ ಚೀಟಿಯ ಹೆಸರನ್ನೂ ಪೆನ್ಸಿಲಿನಿಂದ ಬರೆದಿಡುತ್ತಿದ್ದೇನೆ. ಇನ್ನೂ ಬರೆಸದವರು ಭಾನುವಾರದ ಪೂಜೆಯ ನಂತರ ಚೀಟಿಯೊಂದಿಗೆ ಗುರುನಿವಾಸಕ್ಕೆ ಬರಬಹುದು.